ಮಳೆಗಾಲದ ಕ್ರೀಡಾಕೂಟ, ಬೇಸಿಗೆಯ ಪರೀಕ್ಷೆ

ಶಾಲಾ ಕ್ರೀಡಾಕೂಟದ ಮೊದಲ ಸುತ್ತುಗಳು ನಮ್ಮ ಉತ್ತರ ಕನ್ನಡದ ಘಟ್ಟದ ಮೇಲಿನ ತಾಲೂಕುಗಳಲ್ಲಿ ಮಳೆಯಲ್ಲೇ ಮುಗಿದುಹೋಗುತ್ತವೆ. ಶಿರಸಿಯಲ್ಲಿ ವರ್ಷಕ್ಕೆ ಬೀಳುವ ಮಳೆ 2,500 ಮಿಲಿಮೀಟರ್ ಆಸುಪಾಸು. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ವಲಯ ಮಟ್ಟದ, ತಾಲೂಕು ಮಟ್ಟದ ಕೂಟಗಳು ಬರುವುದೂ ಅದೇ ಹೊತ್ತಿಗೆ. ಸಿದ್ದಾಪುರ ಕಡೆಯ ಹಳ್ಳಿ ಶಾಲೆಯ ಅಂಗಳ ಆಗ ಪಾಚಿ ಕಟ್ಟಿ ಜಾರುತ್ತಿರುತ್ತದೆ. ಗೆರೆ ಎಳೆದ ಸುಣ್ಣ ಓಟ ಶುರುವಾಗುವ ಮೊದಲೇ ತೊಳೆದುಹೋಗುತ್ತದೆ. ಅಂಚಿನ ಹುಲ್ಲಿನಲ್ಲಿ ನಿಂತು ನೋಡುವವರ ಕಾಲಿಗೆ ಉಂಬಳ ಹತ್ತುತ್ತದೆ. ಇಂಥ ನೆಲದ ಮೇಲೆ ಬರಿಗಾಲಲ್ಲಿ ಓಡಿ ಗೆದ್ದ ಮಗು ಮುಂದೆ ಶೈಕ್ಷಣಿಕ ಜಿಲ್ಲೆಗೆ, ಅಲ್ಲಿಂದ ಬೆಳಗಾವಿ ವಿಭಾಗಕ್ಕೆ, ಅಲ್ಲೂ ಗೆದ್ದರೆ ರಾಜ್ಯಮಟ್ಟಕ್ಕೆ ಹೋಗುತ್ತದೆ. ದಸರಾ ರಜೆಗೆ ಮುಂಚಿನ ಮೊದಲ ಸಂಕಲನಾತ್ಮಕ ಪರೀಕ್ಷೆಯೂ ಈ ಓಡಾಟದ ನಡುವೆಯೇ ಬಂದು ಕೂರುತ್ತದೆ.

ಮಗು ಎರಡು ಕಡೆಗೂ ಎಳೆಸಿಕೊಳ್ಳುವುದು ಇಲ್ಲಿಂದ ಶುರು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಪ್ರೌಢಶಾಲೆಗಳಲ್ಲಿ ಪ್ರತಿವರ್ಷ ಯಾವುದೋ ಅಪ್ಪ-ಅಮ್ಮ ಮುಖ್ಯ ಶಿಕ್ಷಕರ ಎದುರು ನಿಂತು ಕೇಳುತ್ತಾರೆ: ಇವನು ಓಡುವುದು ಸಾಕಲ್ಲವಾ ಮಾಸ್ತರೇ, ಮುಂದಿನ ವರ್ಷ ಎಸ್ಸೆಸ್ಸೆಲ್ಸಿ. ಆ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಅದರ ಹಿಂದೆ ನಿಜವಾದ ಭಯವಿದೆ. ಆದರೆ ಅದಕ್ಕೆ ನಾವು ಕೊಡುತ್ತಾ ಬಂದಿರುವ ಉತ್ತರ ತಪ್ಪು ಎಂದು ನನಗೆ ಅನ್ನಿಸುತ್ತದೆ. ಓದನ್ನೂ ಆಟವನ್ನೂ ಸರಿದೂಗಿಸಿಕೊಂಡು ಹೋಗು ಎಂದು ಹದಿಮೂರು ವರ್ಷದ ಮಗುವಿಗೆ ಹೇಳಿ ನಾವು ದೊಡ್ಡವರು ಕೈತೊಳೆದುಕೊಳ್ಳುತ್ತೇವೆ. ಆ ಕೆಲಸ ಮಗುವಿನದಲ್ಲ, ನಮ್ಮದು.

ಯಾಕೆ ಎಂದು ತಿಳಿಯಲು ಒಂದು ದಿನವನ್ನು ಗಡಿಯಾರ ಇಟ್ಟು ನೋಡಬೇಕು. ಸಿದ್ದಾಪುರ ತಾಲೂಕಿನ ಒಳಹಳ್ಳಿಯ ಒಬ್ಬ ಹುಡುಗಿಯನ್ನು ಕಲ್ಪಿಸಿಕೊಳ್ಳಿ. ಒಂಬತ್ತನೇ ತರಗತಿ, 800 ಮೀಟರ್ ಓಟಗಾರ್ತಿ. ಮನೆ ಇರುವುದು ತೋಟದ ತಲೆಯಲ್ಲಿ. ಡಾಂಬರು ರಸ್ತೆಗೆ ಬರಲು ಒಂದೂವರೆ ಕಿಲೋಮೀಟರ್ ಕಾಲುದಾರಿ. ಎಂಟು ಗಂಟೆ ದಾಟಿದ ಮೇಲೆ ಬರುವ ಬಸ್ಸು ಹಿಡಿದರೆ ಒಂಬತ್ತಕ್ಕೆ ಶಾಲೆ ಮುಟ್ಟುತ್ತಾಳೆ. ತರಗತಿ ಶುರುವಾಗುವುದು ಹತ್ತರ ಹೊತ್ತಿಗೆ, ಬಿಡುವುದು ನಾಲ್ಕೂವರೆಗೆ. ವಾಪಸ್ ಬಸ್ಸು ಐದರ ಸುಮಾರಿಗೆ. ಅದು ತಪ್ಪಿದರೆ ಮುಂದಿನದು ಕತ್ತಲೆಗೆ, ಇಲ್ಲವೇ ಇಲ್ಲ. ಮನೆಗೆ ಬಂದಾಗ ಆರೂಕಾಲು, ಮಳೆಗಾಲದಲ್ಲಿ ಆಗಲೇ ಮಬ್ಬು. ಹಾಗಾದರೆ ಅವಳು ಅಭ್ಯಾಸ ಮಾಡುವುದು ಯಾವಾಗ?

ಬೆಂಗಳೂರಿನ ಮಗುವಿಗೆ ಈ ಪ್ರಶ್ನೆ ಬೇರೆ ಬಗೆಯಲ್ಲಿ ಎದುರಾಗುತ್ತದೆ. ಅಲ್ಲಿ ಕ್ಲಬ್ ಇದೆ, ಅಕಾಡೆಮಿ ಇದೆ, ಬೆಳಿಗ್ಗೆ ಐದಕ್ಕೆ ಕಾರಿನಲ್ಲಿ ಕರೆದೊಯ್ಯುವ ಅಪ್ಪ ಇದ್ದಾನೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳು ಬೆಂಗಳೂರಿನ ಈಜುಗಾರ್ತಿ ಧಿನಿಧಿ ದೇಸಿಂಗು. ಆಗ 14 ವರ್ಷ, ಕೇಂದ್ರೀಯ ವಿದ್ಯಾಲಯದ ವಿದ್ಯಾರ್ಥಿನಿ. ಅವಳ ಶ್ರಮ ಅಷ್ಟಿಷ್ಟಲ್ಲ. ಆದರೆ ಅವಳ ಆಟ ಇದ್ದದ್ದು ಶಾಲೆಯ ಹೊರಗೆ, ಓದು ಶಾಲೆಯ ಒಳಗೆ. ನಮ್ಮಲ್ಲಿ ಎರಡೂ ಒಂದೇ ಕಾಂಪೌಂಡಿನೊಳಗೆ ಇವೆ. ಮೈದಾನ ಶಾಲೆಯದು, ತರಬೇತುದಾರ ಎಂದರೆ ಶಾಲೆಯ ದೈಹಿಕ ಶಿಕ್ಷಕರು, ಸಮಯ ಶಾಲೆಯ ವೇಳಾಪಟ್ಟಿಯೊಳಗಿನದು. ಶಿರಸಿಯ ಮಾರಿಕಾಂಬಾ ಜಿಲ್ಲಾ ಕ್ರೀಡಾಂಗಣ ಪೇಟೆಯಲ್ಲಿರುವ ಮಕ್ಕಳಿಗೆ ಸಿಗುತ್ತದೆ. ಹುಲೇಕಲ್ ಕಡೆಯಿಂದಲೋ ವಾನಳ್ಳಿ ಕಡೆಯಿಂದಲೋ ಬರುವ ಮಗುವಿಗೆ ಅದು ವರ್ಷಕ್ಕೊಮ್ಮೆ ಕೂಟದ ದಿನ ಕಾಣುವ ಜಾಗ.

ಆದ್ದರಿಂದ ನಮ್ಮ ಹಳ್ಳಿಗಳಲ್ಲಿ ಓದು-ಆಟದ ಜಗಳ ನಿಜವಾಗಿ ನಡೆಯುವುದು ಇಬ್ಬರು ಶಿಕ್ಷಕರ ನಡುವೆ. ಸಂಜೆಯ ಒಂದು ಪೀರಿಯಡ್ಡು ದೈಹಿಕ ಶಿಕ್ಷಕರಿಗೋ ಗಣಿತದ ಅಕ್ಕೋರಿಗೋ ಎಂಬಲ್ಲಿ ಅದು ತೀರ್ಮಾನವಾಗುತ್ತದೆ. ಗಣಿತದ ಅಕ್ಕೋರು ಗೆಲ್ಲುವುದೇ ಹೆಚ್ಚು, ಮತ್ತು ಅದಕ್ಕೆ ಕಾರಣವಿದೆ. ಶಿರಸಿ ಶೈಕ್ಷಣಿಕ ಜಿಲ್ಲೆ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯದ ಮುಂಚೂಣಿಯ ಜಿಲ್ಲೆಗಳ ಸಾಲಿನಲ್ಲಿ ಕಾಣಿಸಿಕೊಳ್ಳುತ್ತಾ ಬಂದಿದೆ. 2020ರಲ್ಲಿ ಶಿರಸಿಯ ಮಾರಿಕಾಂಬಾ ಸರ್ಕಾರಿ ಪ್ರೌಢಶಾಲೆಯ ವಿದ್ಯಾರ್ಥಿನಿ 625ಕ್ಕೆ 625 ಅಂಕ ಪಡೆದಾಗ ಇಡೀ ಊರು ಸಂಭ್ರಮಿಸಿತು. ಸರ್ಕಾರಿ ಶಾಲೆ, ಕನ್ನಡದ ಊರು, ಪೂರ್ತಿ ಅಂಕ: ಸಂಭ್ರಮಿಸಬೇಕಾದದ್ದೇ. ಆದರೆ ಶಾಲೆಯ ಮಾನವನ್ನು ಈ ಒಂದೇ ಪಟ್ಟಿಯಲ್ಲಿ ಅಳೆಯತೊಡಗಿದಾಗ ಬೆಳಗಿನ ವಿಶೇಷ ತರಗತಿ, ಸಂಜೆಯ ವಿಶೇಷ ತರಗತಿ, ಶನಿವಾರ ಮಧ್ಯಾಹ್ನದ ವಿಶೇಷ ತರಗತಿ ಒಂದರ ಹಿಂದೆ ಒಂದು ಬಂದು ಸೇರಿಕೊಳ್ಳುತ್ತವೆ. ಮಗು ಮೈದಾನಕ್ಕೆ ಇಳಿಯಬಹುದಾಗಿದ್ದ ಹೊತ್ತು ಇದೊಂದೇ ಆಗಿತ್ತು.

ಹಾಗೆ ನೋಡಿದರೆ ಆಟಕ್ಕೆ ಬೇಕಾದ ಹೊತ್ತು ನಾವು ಹೆದರುವಷ್ಟು ದೊಡ್ಡದಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಒಂದು ಸರಳ ಮಿತಿಯನ್ನು ಸೂಚಿಸುತ್ತದೆ: ಮಗುವಿನ ವಯಸ್ಸು ಎಷ್ಟೋ, ವಾರದ ತರಬೇತಿಯ ಗಂಟೆಗಳು ಅದನ್ನು ಮೀರಬಾರದು, ವಾರಕ್ಕೆ ಒಂದೆರಡು ದಿನ ಪೂರ್ತಿ ವಿಶ್ರಾಂತಿ ಇರಬೇಕು, ಬಹುತೇಕ ಆಟಗಳಲ್ಲಿ ಒಂದಕ್ಕೇ ಅಂಟಿಕೊಳ್ಳುವುದನ್ನು 15-16ರವರೆಗೆ ಮುಂದೂಡುವುದು ಒಳ್ಳೆಯದು. 13ರ ಮಗುವಿಗೆ 13 ಗಂಟೆ ಎಂಬುದು ಗರಿಷ್ಠ ಮಿತಿ, ಗುರಿಯಲ್ಲ. ಮಧ್ಯಮ ದೂರದ ಓಟಕ್ಕೆ ಆ ವಯಸ್ಸಿನಲ್ಲಿ ಎಂಟು ಗಂಟೆ ಧಾರಾಳ ಸಾಕು. ಲೆಕ್ಕ ಹಾಕಿ: ಬೆಳಿಗ್ಗೆ ಬಸ್ಸಿಳಿದ ಮೇಲೆ ತರಗತಿ ಶುರುವಾಗುವವರೆಗಿನ 45 ನಿಮಿಷ, ಸಂಜೆಯ ಕೊನೆಯ ಪೀರಿಯಡ್ಡಿನಲ್ಲಿ ಅರ್ಧ ಗಂಟೆ. ಐದು ದಿನಕ್ಕೆ ಆರೂಕಾಲು ಗಂಟೆ ಆಯಿತು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಎರಡು ಗಂಟೆ. ಒಟ್ಟು ಎಂಟೂಕಾಲು. ಭಾನುವಾರ ರಜೆ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಅನುದಾನ ಬೇಡ. ಬೆಳಗಿನ ಆ 45 ನಿಮಿಷಕ್ಕೆ ಮೈದಾನದಲ್ಲಿ ಒಬ್ಬ ಶಿಕ್ಷಕರು ಇರಬೇಕು, ಸಂಜೆಯ ಆ ಅರ್ಧ ಗಂಟೆಯನ್ನು ಬೇರೆ ಯಾರೂ ಕೇಳಬಾರದು. ಇಷ್ಟೇ.

ಮಳೆಗಾಲದಲ್ಲಿ ಈ ಹೊತ್ತನ್ನು ಬಳಸುವ ಬಗೆ ಬೇರೆ. ಜೂನ್‌ನಿಂದ ಆಗಸ್ಟ್‌ವರೆಗೆ ಒದ್ದೆ ನೆಲದಲ್ಲಿ ವೇಗದ ಓಟ ಓಡಿಸಿ ಮೊಣಕಾಲು, ಹಿಮ್ಮಡಿ ನೋಯಿಸಿಕೊಂಡ ಮಕ್ಕಳು ನಮ್ಮಲ್ಲಿ ಎಷ್ಟೋ. ಎಲುಬು ಉದ್ದವಾಗುವ ವಯಸ್ಸಿನಲ್ಲಿ ಮೊಣಕಾಲಿನ ಕೆಳಗೆ, ಹಿಮ್ಮಡಿಯ ಹಿಂದೆ ನೋವು ಬರುವುದು ಸಾಮಾನ್ಯ. ಎಲುಬಿನ ಬೆಳೆಯುವ ಭಾಗವನ್ನು ಸ್ನಾಯು ಪದೇ ಪದೇ ಎಳೆಯುವುದರಿಂದ ಅದು ಬರುತ್ತದೆ. ಕುಂಟುವ ಮಗುವನ್ನೇ ಓಡಿಸಿದರೆ ವಿಶ್ರಾಂತಿಯಲ್ಲಿ ಇಳಿಯುವ ನೋವು ತಿಂಗಳುಗಟ್ಟಲೆ ಕೂರುತ್ತದೆ. ಶಾಲೆಯ ಜಗಲಿಯಲ್ಲಿ ಹಗ್ಗದಾಟ, ಬಸ್ಕಿ, ದಂಡ, ಮೆಟ್ಟಿಲು ಹತ್ತಿಳಿಯುವುದು, ಒಂಟಿ ಕಾಲಿನ ಸಮತೋಲನ, ಓಟದ ಭಂಗಿ ತಿದ್ದುವುದು – ಮಳೆಯ ಮೂರು ತಿಂಗಳು ಇವಕ್ಕೇ ಮೀಸಲಾದರೂ ನಷ್ಟವಿಲ್ಲ. ವಿಪರ್ಯಾಸವೆಂದರೆ ಮೈದಾನ ಒಣಗಿ ಓಡಲು ಹದವಾಗುವ ನವೆಂಬರ್-ಡಿಸೆಂಬರ್ ಹೊತ್ತಿಗೆ ನಮ್ಮ ಹೆಚ್ಚಿನ ಮಕ್ಕಳ ಕೂಟದ ವರ್ಷ ಮುಗಿದಿರುತ್ತದೆ. ತಾಲೂಕು ಮಟ್ಟದಲ್ಲಿ ಸೋತವರಿಗೆ ಮುಂದಿನ ಆಗಸ್ಟ್‌ವರೆಗೆ ಸ್ಪರ್ಧೆಯೇ ಇಲ್ಲ. ಡಿಸೆಂಬರ್‌ನ ಒಂದು ಶನಿವಾರ ಮೂರು ತಾಲೂಕಿನ ಮಕ್ಕಳಿಗೆ ಶಿರಸಿಯಲ್ಲಿ ಇನ್ನೊಂದು ಕೂಟ ಮಾಡಿದರೆ ಪದಕಕ್ಕಿಂತ ಹೆಚ್ಚಿನ ಉಪಕಾರವಾಗುತ್ತದೆ. ಅಡಿಕೆಯ ಕೊನೆಕೊಯ್ಲಿನ ಗಡಿಬಿಡಿ ಇರುತ್ತದೆ, ಗೊತ್ತು. ಆದರೂ ಒಂದು ಶನಿವಾರ ಸಿಕ್ಕೀತು.

ತಂಡದ ಆಟಗಳ ವಿಷಯ ಇನ್ನೂ ಕಷ್ಟ. ಕಬಡ್ಡಿಗೆ ಅಂಕಣದಲ್ಲಿ ಏಳು ಮಂದಿ ಬೇಕು, ವಾಲಿಬಾಲ್‌ಗೆ ಆರು. ಮಲೆನಾಡಿನ ಚದುರಿದ ಊರುಗಳ ಎಷ್ಟೋ ಪ್ರಾಥಮಿಕ ಶಾಲೆಗಳಲ್ಲಿ ಇಡೀ ಶಾಲೆಯ ಮಕ್ಕಳನ್ನು ಸೇರಿಸಿದರೂ ಎದುರು ಬದುರು ಎರಡು ತಂಡ ಆಗುವುದಿಲ್ಲ, ದೈಹಿಕ ಶಿಕ್ಷಕರ ಹುದ್ದೆಯೂ ಅಲ್ಲಿರುವುದಿಲ್ಲ. ಚೆಂಡಿನಾಟದಲ್ಲಿ ಕೈಚಳಕವಿರುವ ಮಗು ಎಂಟನೇ ತರಗತಿಗೆ ಪೇಟೆಗೆ ಬರುವವರೆಗೆ ಆ ಚಳಕ ಅದಕ್ಕೂ ಗೊತ್ತಾಗುವುದಿಲ್ಲ, ನಮಗೂ ಗೊತ್ತಾಗುವುದಿಲ್ಲ.

ಹಾಜರಾತಿಯ ಬಗ್ಗೆ ಪೋಷಕರು ಆತಂಕ ಪಡುವುದನ್ನು ಕೇಳಿದ್ದೇನೆ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಲು ಶೇ 75 ಹಾಜರಾತಿ ಬೇಕು. ವರ್ಷಕ್ಕೆ 220 ದಿನ ಶಾಲೆ ನಡೆಯಿತು ಎಂದುಕೊಂಡರೆ 55 ದಿನದವರೆಗೆ ತಪ್ಪಿದರೂ ಈ ಗೆರೆ ದಾಟುವುದಿಲ್ಲ. ವಲಯದಿಂದ ರಾಜ್ಯಮಟ್ಟದವರೆಗೆ ಗೆಲ್ಲುತ್ತಾ ಹೋದ ಮಗುವಿಗೂ ಕೂಟ, ಪ್ರಯಾಣ ಎಲ್ಲ ಸೇರಿ ಎರಡು ಮೂರು ವಾರಕ್ಕಿಂತ ಹೆಚ್ಚು ಹೋಗದು. ನಷ್ಟ ಆಗುವುದು ದಿನಗಳ ಎಣಿಕೆಯಲ್ಲಿ ಅಲ್ಲ, ಆ ದಿನಗಳಲ್ಲಿ ಯಾವ ಪಾಠ ನಡೆಯಿತು ಎಂಬುದರಲ್ಲಿ. ಗಣಿತದಲ್ಲಿ ಸಮರೂಪ ತ್ರಿಭುಜಗಳ ಮೊದಲ ಎರಡು ತರಗತಿ ತಪ್ಪಿದ ಮಗುವಿಗೆ ಮುಂದಿನ ಎಂಟು ತರಗತಿ ಮಂಜು ಮಂಜಾಗಿ ಕಾಣುತ್ತದೆ. ಸಮಾಜ ವಿಜ್ಞಾನದ ಪಾಠವನ್ನು ಗೆಳತಿಯ ನೋಟ್ಸು ನೋಡಿ ಓದಿಕೊಳ್ಳಬಹುದು; ಗಣಿತ, ಇಂಗ್ಲಿಷ್ ವ್ಯಾಕರಣ, ವಿಜ್ಞಾನದ ಸಮೀಕರಣಗಳಿಗೆ ಯಾರಾದರೂ ಎದುರು ಕುಳಿತು ಹೇಳಿಕೊಡಲೇಬೇಕು. ಕೂಟಕ್ಕೆ ಹೊರಡುವ ಮೊದಲೇ ಆಯಾ ವಿಷಯದ ಶಿಕ್ಷಕರು ‘ಇದು ತಪ್ಪಿದರೆ ಮುಂದಿನದು ಅರ್ಥವಾಗುವುದಿಲ್ಲ’ ಎಂಬ ಪಾಠ ಯಾವುದೆಂದು ಗುರುತು ಹಾಕಿ, ಬಂದ ಮೇಲೆ ಅದಕ್ಕೊಂದು ಪೀರಿಯಡ್ಡು ಕೊಟ್ಟರೆ ಹೆಚ್ಚಿನ ಹೊರೆ ಇಳಿಯುತ್ತದೆ. ಅನೇಕ ಶಿಕ್ಷಕರು ಇದನ್ನು ಯಾರೂ ಹೇಳದೆಯೇ ಮಾಡುತ್ತಾರೆ. ಅವರ ಸ್ವಂತ ಒಳ್ಳೆಯತನದ ಮೇಲೆ ಬಿಟ್ಟಿರುವ ಈ ಕೆಲಸ ಶಾಲೆಯ ವ್ಯವಸ್ಥೆಯಾಗಬೇಕು ಎಂಬುದೇ ನನ್ನ ಮಾತು.

ಹೊರಗಿನ ಪರೀಕ್ಷಾ ವ್ಯವಸ್ಥೆ ನಿಧಾನವಾಗಿಯಾದರೂ ಬಾಗುತ್ತಿದೆ. ರಾಷ್ಟ್ರ, ಅಂತರರಾಷ್ಟ್ರೀಯ ಕೂಟದಲ್ಲಿ ಭಾಗವಹಿಸುವ ಮಕ್ಕಳಿಗೆ ಸಿಬಿಎಸ್‌ಇ ಕೆಲವು ವರ್ಷಗಳಿಂದ ಬೇರೆ ದಿನಾಂಕದಲ್ಲಿ ಪರೀಕ್ಷೆ ನಡೆಸುತ್ತಿದೆ. ನಮ್ಮ ರಾಜ್ಯ ಮಂಡಳಿ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆದು ಉತ್ತಮ ಅಂಕ ಉಳಿಸಿಕೊಳ್ಳುವ ಅವಕಾಶ ತಂದಿತು. ಅದು ಆಟಗಾರರಿಗಾಗಿ ಮಾಡಿದ ಬದಲಾವಣೆಯಲ್ಲ. ಆದರೆ ಅದರ ಉಪಯೋಗ ಅವರಿಗೇ ಹೆಚ್ಚು. ‘ಒಂದೇ ಹೊಡೆತ’ ಎಂಬ ಮಾರ್ಚ್ ತಿಂಗಳ ಭಯ ಸ್ವಲ್ಪ ಸಡಿಲವಾದರೂ ಸಾಕು, ಜೂನ್‌ನಲ್ಲೇ ಆಟ ನಿಲ್ಲಿಸುವ ಪ್ರಮೇಯ ಬರುವುದಿಲ್ಲ.

ಹತ್ತನೇ ತರಗತಿಗೆ ಆಟ ನಿಲ್ಲಿಸಿದ ಮಗು ಮತ್ತೆ ಮೈದಾನಕ್ಕೆ ಬರುವುದು ಅಪರೂಪ. ಆ ವರ್ಷ ಎಸ್ಸೆಸ್ಸೆಲ್ಸಿ, ಒಂದು ವರ್ಷ ಬಿಟ್ಟು ದ್ವಿತೀಯ ಪಿಯುಸಿ, ಸಿಇಟಿ. 15ರಿಂದ 18ರ ವಯಸ್ಸು ಹೀಗೆ ಕಳೆದುಹೋಗುತ್ತದೆ. ಓಟಗಾರನ ಉಸಿರು, ಎಸೆತಗಾರನ ಬಲ ನಿಜವಾಗಿ ಕೂಡಿಕೊಳ್ಳುವುದು ಇದೇ ವರ್ಷಗಳಲ್ಲಿ. ಶಿರಸಿ ತಾಲೂಕಿನ ಕಾಶೀನಾಥ ನಾಯ್ಕ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಜಾವೆಲಿನ್ 74.29 ಮೀಟರ್ ಎಸೆದು ಕಂಚು ಗೆದ್ದರು. ನಮ್ಮ ನೆಲದ ಹುಡುಗನೊಬ್ಬ ಆ ಮಟ್ಟ ಮುಟ್ಟಿದ್ದು ಹದಿಹರೆಯ ಮುಗಿದು ಎಷ್ಟೋ ವರ್ಷಗಳ ಮೇಲೆ, ಸೇನೆಯ ಆಶ್ರಯದಲ್ಲಿ ವರ್ಷಗಟ್ಟಲೆ ಪಳಗಿ. ಹದಿನಾಲ್ಕರಲ್ಲಿ ರಾಜ್ಯಕ್ಕೆ ಮೊದಲು ಬರಲಿಲ್ಲವೆಂದು ಕೈಬಿಡುವುದೂ, ಹದಿನೈದರಲ್ಲಿ ಪರೀಕ್ಷೆ ಬಂತೆಂದು ಕೈಬಿಡುವುದೂ ಎರಡೂ ಅವಸರದ ತೀರ್ಮಾನಗಳೇ. ಹತ್ತನೇ ತರಗತಿಯಲ್ಲಿ ವಾರಕ್ಕೆ ಆರು ದಿನದ ಅಭ್ಯಾಸವನ್ನು ಮೂರಕ್ಕೆ ಇಳಿಸಿ, ಜನವರಿಯಿಂದ ಪರೀಕ್ಷೆಯವರೆಗೆ ಬರೀ ಹಗುರ ಓಟಕ್ಕೆ ಸೀಮಿತಗೊಳಿಸಿ. ದೇಹ ಪೂರ್ತಿ ಮರೆಯದಂತೆ ಉಳಿದರೆ ಏಪ್ರಿಲ್‌ನಲ್ಲಿ ಮತ್ತೆ ಕಟ್ಟಬಹುದು.

ನಿದ್ದೆಯ ಮಾತನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಹುರುಪಿನ ಪೋಷಕರು ಕತ್ತರಿ ಹಾಕುವುದು ಮೊದಲು ಅದಕ್ಕೇ. 13ರಿಂದ 18ರ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ನಾಲ್ಕೂವರೆಗೆ ಎಬ್ಬಿಸಿ ಓಡಿಸಿ, ರಾತ್ರಿ ಹನ್ನೊಂದರವರೆಗೆ ಓದಿಸಿದರೆ ಐದೂವರೆ ಗಂಟೆ ಉಳಿಯುತ್ತದೆ. ಓದಿದ್ದು ನೆನಪಿನಲ್ಲಿ ಕೂರುವುದೂ ದಣಿದ ಸ್ನಾಯು ಕಟ್ಟಿಕೊಳ್ಳುವುದೂ ನಿದ್ದೆಯಲ್ಲೇ. ಹಾಗಾಗಿ ಆ ಮಗು ಎರಡನ್ನೂ ಕಳೆದುಕೊಳ್ಳುತ್ತದೆ. ಬೆಳಗಿನ ಅಭ್ಯಾಸ ಶಾಲೆಯಲ್ಲೇ ಆಗಲಿ ಎಂದು ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಈ ಮೂರು ತಾಲೂಕಿನ ಪೋಷಕರೆಲ್ಲ ಒಂದೇ ಬಗೆಯವರಲ್ಲ. ಅಡಿಕೆ ತೋಟವಿರುವ ಮನೆಯ ಚಿಂತೆ ಅಂಕದ್ದು: ಮಾಣಿ ಎಂಜಿನಿಯರ್ ಆಗಬೇಕು, ಬೆಂಗಳೂರಿಗೆ ಹೋಗಬೇಕು. ಅವರಿಗೆ ಅನಿಲ್ ಕುಂಬ್ಳೆ ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ, ಜಾವಗಲ್ ಶ್ರೀನಾಥ್ ಮೈಸೂರಿನ ಎಸ್‌ಜೆಸಿಇಯಲ್ಲಿ ಎಂಜಿನಿಯರಿಂಗ್ ಓದುತ್ತಲೇ ಭಾರತ ತಂಡದ ಮಟ್ಟಕ್ಕೆ ಬೆಳೆದದ್ದನ್ನು ನೆನಪಿಸಬಹುದು. ಸಿಇಟಿಯಲ್ಲಿ ಕ್ರೀಡಾ ಕೋಟಾ ಇದೆಯೆಂದೂ ಹೇಳಬಹುದು. ಕೂಲಿಗೆ ಹೋಗುವ ಮನೆಯ, ಗೌಳಿ ದೊಡ್ಡಿಯ, ಕಾಡಂಚಿನ ಕುಣಬಿ ಮನೆಯ ಚಿಂತೆ ಬೇರೆ. ಅಲ್ಲಿ ಮಗು ಓದಿನ ಜೊತೆ ದನ ಕಾಯಬೇಕು, ತಮ್ಮ-ತಂಗಿಯರನ್ನು ನೋಡಬೇಕು. ಶೂ ಹರಿದರೆ ಇನ್ನೊಂದು ಜೊತೆ ಬರುವುದು ಮುಂದಿನ ವರ್ಷ. ಸರ್ಕಾರಿ ಶಾಲೆಯ ಬಿಸಿಯೂಟ, ಕ್ಷೀರಭಾಗ್ಯದ ಹಾಲು, 2024ರಿಂದ ವಾರಕ್ಕೆ ಆರು ದಿನ ಸಿಗತೊಡಗಿದ ಮೊಟ್ಟೆ ಅಲ್ಲಿನ ಓಟಗಾರನಿಗೆ ಊಟದ ಬಹುಮುಖ್ಯ ಭಾಗ. ಹುಡುಗಿಯಾಗಿದ್ದರೆ ರಕ್ತಹೀನತೆ ಇದೆಯೇ ಎಂದು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿ ನೋಡಬೇಕು. ಓಟದ ಕೊನೆಯ ಸುತ್ತಿನಲ್ಲಿ ಸುಸ್ತಾಗಿ ನಿಲ್ಲುವವಳನ್ನು ‘ಛಲ ಸಾಲದು’ ಎಂದು ಬೈಯುವ ಮೊದಲು ಹಿಮೊಗ್ಲೋಬಿನ್ ಎಷ್ಟಿದೆ ಎಂದು ಕೇಳುವುದು ನ್ಯಾಯ.

ಇಂಥ ಮನೆಯ ಮಕ್ಕಳ ಬಗ್ಗೆ ಮಾತನಾಡುವಾಗ ಯಲ್ಲಾಪುರ ಸೀಮೆಯ ಒಂದು ದೊಡ್ಡ ಪಾಠವನ್ನು ಬಿಟ್ಟು ಮುಂದೆ ಹೋಗಲಾಗದು. ಆಫ್ರಿಕಾ ಮೂಲದ ಸಿದ್ದಿ ಸಮುದಾಯ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲೂಕುಗಳ ಕಾಡಂಚಿನಲ್ಲಿ ತಲೆಮಾರುಗಳಿಂದ ಬದುಕಿದೆ. 1987ರಲ್ಲಿ, ಮಾರ್ಗರೆಟ್ ಆಳ್ವ ಕೇಂದ್ರದ ಕ್ರೀಡಾ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರ ತನ್ನ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಕಾಡಿನ ಮನೆಗಳಿಂದ ಮಕ್ಕಳು ಹಾಸ್ಟೆಲ್‌ಗಳಿಗೆ ಹೋದರು. ಹೊಸ ಭಾಷೆ, ಹೊಸ ಊಟ, ಹೊಸ ಶಾಲೆ. ಕೆಲವೇ ವರ್ಷಗಳಲ್ಲಿ ಫಲ ಕಂಡಿತು. ಹರ್ಡಲ್ಸ್ ಓಟಗಾರ್ತಿ ಕಮಲಾ ಸಿದ್ದಿಯಂಥವರು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದರು. 1993ರಲ್ಲಿ ಯೋಜನೆ ನಿಂತುಹೋಯಿತು.

ಆರು ವರ್ಷ. ಹತ್ತನೇ ವಯಸ್ಸಿನಲ್ಲಿ ಸೇರಿದ ಮಗುವಿಗೆ ಆಗ ಹದಿನಾರು. ಕ್ರೀಡಾ ಕೋಟಾದಲ್ಲಿ ಕೆಲವರಿಗೆ ಪೊಲೀಸ್, ರೈಲ್ವೆ ಮುಂತಾದ ಕಡೆ ನೌಕರಿ ಸಿಕ್ಕಿತು. ಅವರ ಮನೆಗಳ ದಿಕ್ಕೇ ಬದಲಾಯಿತು, ಅದನ್ನು ಸಣ್ಣದು ಮಾಡಲಾಗದು. ಉಳಿದವರು ಊರಿಗೆ ಮರಳಿದರು. ಓಟ ನಿಂತಿತ್ತು, ಓದು ಓಟಕ್ಕೆ ಜೋಡಿಸಿಟ್ಟದ್ದಾದ್ದರಿಂದ ಅದೂ ಎಡವಿತು. ಈ ಯೋಜನೆಯ ಕತೆ ಹೇಳುವವರು ‘ಮುಂದುವರಿದಿದ್ದರೆ ಒಲಿಂಪಿಕ್ಸ್ ಪದಕ ಬರುತ್ತಿತ್ತು’ ಎಂದು ಮರುಗುತ್ತಾರೆ. ನನಗೆ ಅದಕ್ಕಿಂತ ಹೆಚ್ಚು ಕಾಡುವುದು ಬೇರೆ: ಮಗುವನ್ನು ಆಟಕ್ಕೆಂದು ಕರೆದೊಯ್ದವರು ಆಟ ನಿಂತ ದಿನ ಅದರ ಓದಿನ ಹೊಣೆ ಯಾರದೆಂದು ಮೊದಲೇ ಗೊತ್ತು ಮಾಡಿರಲಿಲ್ಲ. ಸಿದ್ದಿಗಳು ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ, ಯೋಜನೆ ಮುಚ್ಚಿ ಹತ್ತು ವರ್ಷದ ಮೇಲೆ. ಆ ಸಮುದಾಯದ ಮೊದಲ ಪದವೀಧರರಲ್ಲಿ ಒಬ್ಬರಾದ ಯಲ್ಲಾಪುರ ತಾಲೂಕಿನ ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡಾಗ, ಶಾಸನಸಭೆಯ ಮೆಟ್ಟಿಲು ಹತ್ತಿದ ಮೊದಲ ಸಿದ್ದಿ ಎನಿಸಿಕೊಂಡರು. ಪುಸ್ತಕ ಕೈಬಿಡದೆ ಹೋದವರು ಎಲ್ಲಿ ಮುಟ್ಟಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಈಗ ಮುಂಡಗೋಡದಲ್ಲಿ ‘ಬ್ರಿಜಸ್ ಆಫ್ ಸ್ಪೋರ್ಟ್ಸ್’ ಎಂಬ ಸಂಸ್ಥೆ ಸಿದ್ದಿ ಮಕ್ಕಳಿಗೂ ಸುತ್ತಲಿನ ಇತರ ಮಕ್ಕಳಿಗೂ ಅಥ್ಲೆಟಿಕ್ಸ್ ತರಬೇತಿ ಕೊಡುತ್ತಿದೆ. ಮಕ್ಕಳನ್ನು ದೂರ ಕಳುಹಿಸುವ ಬದಲು ತರಬೇತಿಯೇ ಅವರ ಸೀಮೆಗೆ ಬಂದಿದೆ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ.

ಹಾಗೆಂದು ಹಾಸ್ಟೆಲ್ ಬೇಡವೇ ಬೇಡ ಎಂದು ನಾನು ಹೇಳಲಾರೆ. ಒಂದು ಹಂತದ ಮೇಲೆ ನಮ್ಮ ಶಾಲೆಯ ಅಂಗಳ ಸಾಲುವುದಿಲ್ಲ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿವೆ. ನಮ್ಮ ಜಿಲ್ಲೆಯ ಹಳಿಯಾಳದಲ್ಲೇ ಕುಸ್ತಿಗೆ ಒಂದಿದೆ. ಧಾರವಾಡದಲ್ಲಿ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವಿದೆ. ಕೊಡಗಿನ ಕೂಡಿಗೆಯಲ್ಲಿ ಕ್ರೀಡಾಶಾಲೆ ಇದೆ. ಮೂಡುಬಿದಿರೆಯ ಆಳ್ವಾಸ್ ಸಂಸ್ಥೆ ಪ್ರತಿಭಾವಂತ ಆಟಗಾರರನ್ನು ದತ್ತು ಸ್ವೀಕರಿಸಿ ಉಚಿತವಾಗಿ ಓದಿಸುತ್ತದೆ. ಖೇಲೋ ಇಂಡಿಯಾಕ್ಕೆ ಆಯ್ಕೆಯಾದ ಮಗುವಿಗೆ ತಿಂಗಳಿಗೆ 10,000 ರೂಪಾಯಿ ಕೈಖರ್ಚು ಸಿಗುತ್ತದೆ. ಬಡ ಮನೆಗೆ ಇವು ನಿಜವಾದ ಬಾಗಿಲುಗಳು.

ಸೇರಿಸುವ ಮೊದಲು ಕೇಳಬೇಕಾದ್ದನ್ನು ಕೇಳಿಯೇ ಸೇರಿಸಬೇಕು. ನಮ್ಮ ಕಡೆಯ ಪೋಷಕರು ದೊಡ್ಡ ಸಂಸ್ಥೆಯ ಎದುರು ಸಂಕೋಚದಿಂದ ಬಾಯಿ ಬಿಡುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ. ಮಗು ಯಾವ ಶಾಲೆಗೆ ಹೋಗುತ್ತದೆ, ಕನ್ನಡ ಮಾಧ್ಯಮ ಇದೆಯೇ, ರಾತ್ರಿ ಓದಿಗೆ ಕೂರಿಸುವವರು ಯಾರು, ಕಳೆದ ವರ್ಷ ಅಲ್ಲಿಂದ ಹತ್ತನೇ ತರಗತಿ ಬರೆದವರು ಹೇಗೆ ಮಾಡಿದರು? ಕಾಲು ಮುರಿದುಕೊಂಡರೆ ಆಸ್ಪತ್ರೆಯ ಖರ್ಚು ಯಾರದು? ವರ್ಷದ ನಡುವೆ ಆಟದಲ್ಲಿ ಹಿಂದೆ ಬಿದ್ದನೆಂದು ಕೈಬಿಟ್ಟರೆ ಆ ಶೈಕ್ಷಣಿಕ ವರ್ಷ ಮುಗಿಯುವವರೆಗೆ ಇರಲು ಬಿಡುತ್ತಾರೆಯೇ? ಹುಡುಗಿಯರ ಹಾಸ್ಟೆಲಿನಲ್ಲಿ ರಾತ್ರಿ ಮಹಿಳಾ ವಾರ್ಡನ್ ಇರುತ್ತಾರೆಯೇ? ಈ ಪ್ರಶ್ನೆಗಳಿಗೆ ನೇರ ಉತ್ತರ ಕೊಡುವ ಕಡೆ ಮಗುವನ್ನು ಧೈರ್ಯವಾಗಿ ಬಿಡಬಹುದು. ನನ್ನ ಅಭಿಪ್ರಾಯ ಕೇಳಿದರೆ, ಹತ್ತು-ಹನ್ನೊಂದರ ಕೂಸನ್ನು ಮನೆಯಿಂದ ಕಳುಹಿಸುವುದಕ್ಕಿಂತ ಹತ್ತನೇ ತರಗತಿ ಇಲ್ಲೇ ಮುಗಿಸಿ ಪಿಯು ಹಂತದಲ್ಲಿ ಕಳುಹಿಸುವುದು ಓಟ, ಜಿಗಿತ, ಎಸೆತದ ಮಕ್ಕಳಿಗೆ ಒಳ್ಳೆಯದು. ಚಿಕ್ಕಂದಿನಲ್ಲೇ ಶುರು ಮಾಡಬೇಕಾದ ಜಿಮ್ನಾಸ್ಟಿಕ್ಸ್, ಈಜಿನಂಥ ಆಟಗಳ ಮಾತು ಬೇರೆ. ಅವಕ್ಕೆ ನಮ್ಮಲ್ಲಿ ಸೌಲಭ್ಯ ಸಾಲದ್ದರಿಂದ ಆಯ್ಕೆಯೂ ಕಡಿಮೆ.

ಅಷ್ಟರವರೆಗೆ ಮಗುವನ್ನು ಇಲ್ಲೇ ಬೆಳೆಸುವ ಕೆಲಸ ಜೂನ್‌ನ ಮೊದಲ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಶುರುವಾಗಬಹುದು. ಮುಖ್ಯ ಶಿಕ್ಷಕರು, ದೈಹಿಕ ಶಿಕ್ಷಕರು, ಗಣಿತ-ವಿಜ್ಞಾನದ ಶಿಕ್ಷಕರು, ಕೂಟಕ್ಕೆ ಹೋಗುವ ನಾಲ್ಕಾರು ಮಕ್ಕಳ ಅಪ್ಪ-ಅಮ್ಮಂದಿರು ಒಟ್ಟಿಗೆ ಕುಳಿತು ಕೂಟದ ದಿನಾಂಕ, ಪರೀಕ್ಷೆಯ ದಿನಾಂಕ, ವಿಶೇಷ ತರಗತಿಯ ವೇಳೆ ಮೂರನ್ನೂ ಒಂದೇ ಹಾಳೆಯ ಮೇಲೆ ಬರೆದುಕೊಳ್ಳಲಿ. ತಾಲೂಕು ಕೂಟವೂ ಸಂಕಲನಾತ್ಮಕ ಪರೀಕ್ಷೆಯೂ ಒಂದೇ ವಾರದಲ್ಲಿ ಬೀಳದಂತೆ ನೋಡಿಕೊಳ್ಳುವುದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯ ಕೈಯಲ್ಲಿದೆ. ಶಾಲೆಗಳು ಒಟ್ಟಾಗಿ ಬರೆದುಕೊಟ್ಟರೆ ಅದು ಆಗದ ಕೆಲಸವಲ್ಲ.

ಉಳಿಯುವುದು ಬಸ್ಸು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಟಿಕೆಟ್ಟಿನ ಚಿಂತೆ ಇಲ್ಲ, ಆದರೆ ಐದಕ್ಕೆ ಹೊರಡುವ ಬಸ್ಸು ಐದೂಮುಕ್ಕಾಲಿಗೆ ಹೊರಡದಿದ್ದರೆ ಶಾಲೆ ಬಿಟ್ಟ ಮೇಲಿನ ಅಭ್ಯಾಸ ಎನ್ನುವುದು ಪೇಟೆಯ ಮಕ್ಕಳ ಸೊತ್ತಾಗಿಯೇ ಉಳಿಯುತ್ತದೆ. ಒಂದು ಮಾರ್ಗದಲ್ಲಿ ಸಂಜೆ ಇನ್ನೊಂದು ಬಸ್ಸು ಬಿಡಿ ಎಂದು, ಅಥವಾ ಇರುವ ಬಸ್ಸನ್ನೇ ಮುಕ್ಕಾಲು ಗಂಟೆ ತಡವಾಗಿ ಬಿಡಿ ಎಂದು ಗ್ರಾಮ ಪಂಚಾಯತಿಯ ಠರಾವು ಸಹಿತ ವಾಯವ್ಯ ಸಾರಿಗೆಯ ಶಿರಸಿ ವಿಭಾಗಕ್ಕೆ ಅರ್ಜಿ ಕೊಡಬಹುದು. ಅದರಲ್ಲಿ ಎಷ್ಟು ಮಕ್ಕಳು, ಯಾವ ನಿಲ್ದಾಣ, ಯಾವ ದಿನ ಎಂದು ಸ್ಪಷ್ಟವಾಗಿ ಬರೆದಿರಬೇಕು. ವಾರಕ್ಕೆ ಮೂರು ದಿನವಾದರೂ ಸಾಕು ಎಂದೂ ಸೇರಿಸಬೇಕು. ಆ ಅರ್ಜಿಯ ಮೇಲೆ ಆಟಗಾರರ ಪೋಷಕರ ಸಹಿಗಿಂತ ಮೊದಲು ಗಣಿತದ ಅಕ್ಕೋರ ಸಹಿ ಇದ್ದರೆ ನನಗೆ ತುಂಬ ಸಂತೋಷ.